ಯಾರ್ ಕಂಡದ್, ಹ್ವಾಯ್?

ಊರಿನ ಸುದ್ದಿ ಮಾಡುವ ಕಚೇರಿಯಲ್ಲಿ ಕೂತವರು ನಗಲಿಕ್ಕೆಂದು ಬೇರೆಲ್ಲೂ ಹೋಗಬೇಕಾಗಿಲ್ಲ. ದಿನ ಬೆಳಗಾದರೆ ಒಂದಲ್ಲ ಒಂದು ನಗು ಫಾರ್ವರ್ಡ್ ಆಗಿ ತಾನಾಗಿಯೇ ಬಂದು ಬೀಳುತ್ತದೆ. ಬರುವಾಗ ಮಾತ್ರ ಅದು ನಗುವಿನ ಹಾಗೆ ಇರುವುದಿಲ್ಲ. ಎದೆ ಧಸಕ್ಕೆನ್ನುವ ಹಾಗೆ ಬರುತ್ತದೆ. ನಿಜವೋ ಸುಳ್ಳೋ ಎಂದು ಹುಡುಕಿ, ಸುಳ್ಳು ಎಂದು ಗೊತ್ತಾಗಿ, ಉಸಿರು ಬಿಟ್ಟು, ಒಂದು ಲೋಟ ನೀರು ಕುಡಿದ ಮೇಲೆಯೇ ನಗು ಬರುವುದು.

ನಮ್ಮದು ಕುಂದಾಪುರದಲ್ಲಿ ಒಂದು ಹೊಲಿಗೆ ಅಂಗಡಿಯ ಮೇಲಿನ ಸಣ್ಣ ಕಚೇರಿ. ಮುಂಬೈ, ದುಬೈ, ಮಸ್ಕತ್ತು ಎಂದು ಹೋಗಿ ಸೇರಿಕೊಂಡ ನಮ್ಮೂರಿನವರಿಗಾಗಿ ಒಂದು ಮಾಸಪತ್ರಿಕೆ, ಅದರ ಬಾಲಕ್ಕೆ ಒಂದು ವೆಬ್‌ಸೈಟು. ಕುಂದಾಪುರ, ಬೈಂದೂರು, ಬ್ರಹ್ಮಾವರ, ಇಷ್ಟೇ ನಮ್ಮ ಲೋಕ. ಆಚೆ ಯುದ್ಧವಾದರೂ ನಮಗೆ ಸಂಬಂಧವಿಲ್ಲ. ಈಚೆ ಕೋಟೇಶ್ವರದಲ್ಲಿ ಬಾವಿಗೆ ಕರು ಬಿದ್ದರೆ ಮುಖಪುಟ.

ನಾವು ಮೂರು ಜನ. ಸಂಪಾದಕರು ಮೊದಲು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಯಾವ ಸುದ್ದಿ ಬಂದರೂ ಕನ್ನಡಕ ಹಣೆಗೇರಿಸಿ ಒಂದೇ ಪ್ರಶ್ನೆ, "ಯಾರ್ ಕಂಡದ್?" ಎರಡನೆಯವನು ಬೈಂದೂರಿನ ವರದಿಗಾರ. ಒಳ್ಳೆಯ ಹುಡುಗ, ಚುರುಕು, ಆದರೆ ಮೊಬೈಲಿನಲ್ಲಿ ಬಂದದ್ದೆಲ್ಲ ಅವನಿಗೆ ವೇದ. ಮೂರನೆಯವಳು ನಾನು. ಅವನು ನಂಬಿದ್ದನ್ನೂ ಸಂಪಾದಕರು ನಂಬದ್ದನ್ನೂ ತೆಗೆದುಕೊಂಡು, ಅದು ಹೌದೋ ಅಲ್ಲವೋ ಎಂದು ವಿಚಾರಿಸುವುದು ನನ್ನ ಕೆಲಸ.

ಬ್ರಹ್ಮಾವರದ ಚಿರತೆ

ಒಂದು ದಿನ ಕಚೇರಿಯ ಬಾಗಿಲು ತೆಗೆಯುವಾಗಲೇ ವರದಿಗಾರ ಓಡಿ ಬಂದ. ಮೊಬೈಲಿನಲ್ಲಿ ಫೋಟೊ. ಸಂಜೆಯ ಮಬ್ಬು ಬೆಳಕು, ಒಂದು ಪಪ್ಪಾಯಿ ಮರ, ಅದರ ಪಕ್ಕದ ಕಂಪೌಂಡ್ ಗೋಡೆಯ ಮೇಲೆ ಮೈಚಾಚಿ ಮಲಗಿದ ಚಿರತೆ. ಕಣ್ಣು ನೇರ ನಮ್ಮನ್ನೇ ನೋಡುತ್ತಿತ್ತು. ಕೆಳಗೆ ಬರೆದಿತ್ತು: "ಬ್ರಹ್ಮಾವರದಲ್ಲಿ ಚಿರತೆ. ಮಕ್ಕಳನ್ನು ಹೊರಗೆ ಬಿಡಬೇಡಿ. ಎಲ್ಲರಿಗೂ ಕಳಿಸಿ."

ಆ ಹೊತ್ತಿಗಾಗಲೇ ಎಲ್ಲರಿಗೂ ಎಲ್ಲರೂ ಕಳಿಸಿಯಾಗಿತ್ತು. ಬ್ರಹ್ಮಾವರದಲ್ಲಿ ಟೀಚರ್ ಆಗಿರುವ ನನ್ನ ಗೆಳತಿ ಫೋನ್ ಮಾಡಿ, "ಕ್ಲಾಸಿನಲ್ಲಿ ನಾನು, ಕುರ್ಚಿ, ಬೋರ್ಡು, ಇಷ್ಟೇ ಇರೂದ್" ಎಂದಳು. ಅವಳ ಮಗಳು ಅದೇ ರಸ್ತೆಯಲ್ಲಿ ಟ್ಯೂಶನ್ನಿಗೆ ನಡೆದುಕೊಂಡು ಹೋಗುವವಳು.

ವರದಿಗಾರ ಶೀರ್ಷಿಕೆ ಬರೆದೇ ಬಿಟ್ಟಿದ್ದ. ಸಂಪಾದಕರು ಕನ್ನಡಕ ಮೇಲೇರಿಸಿದರು.

"ಯಾರ್ ಕಂಡದ್?"

"ಊರೆಲ್ಲ ಕಂಡಿತ್ ಸರ್!"

"ಚಿರತೆಯನ್ನಾ, ಫೋಟೊವನ್ನಾ?"

ನಾನು ಫೋನ್ ಹಿಡಿದೆ. ನಮಗೆ ಆ ಫೋಟೊ ಕಳಿಸಿದ್ದು ಬ್ರಹ್ಮಾವರದ ಹಾಲಿನ ಡೇರಿಯವರು ಎಂದು ವರದಿಗಾರ ಹೇಳಿದ್ದ. ಡೇರಿಯವರನ್ನು ಕೇಳಿದರೆ, "ನಮ್ಗೆ ಸಲೂನಿನವ್ರ್ ಕಳ್ಸಿದ್." ಸಲೂನಿನವರನ್ನು ಕೇಳಿದರೆ, "ಕೂದ್ಲ್ ತೆಗ್ಸುಕೆ ಬಂದ ಮೇಷ್ಟ್ರ್ ಕೊಟ್ಟದ್." ಮೇಷ್ಟರಿಗೆ ಫೋನ್ ಮಾಡಿದೆ. ಅವರು ಬಹಳ ಗೌರವದಿಂದ, "ನಾನು ಸಿಕ್ಕಿದ್ದನ್ನೆಲ್ಲ ನಂಬೂವ ಜನ ಅಲ್ಲ. ಇದು ನಿಮ್ಮ ಪತ್ರಿಕೆಯ ವರದಿಗಾರರೇ ಕಳಿಸಿದ್ದು. ಅದಕ್ಕೇ ನಂಬಿದೆ" ಎಂದರು.

ನಾನು ವರದಿಗಾರನ ಮುಖ ನೋಡಿದೆ. ಅವನು ಗೋಡೆ ನೋಡಿದ. ಡೇರಿಯಿಂದ ಬಂದದ್ದನ್ನು ಅವನೇ ನಿನ್ನೆ ಮೇಷ್ಟರಿಗೆ ಕಳಿಸಿದ್ದ. ಸಲೂನಿನಿಂದ ಅದು ಡೇರಿಗೆ ಎರಡನೇ ಸಲ ಬಂದದ್ದು.

"ಚಿರತೆ ಒಂದ್ ಸುತ್ತ್ ಹಾಕಿ ನಮ್ಮಲ್ಲಿಗೇ ಬಂತಲೆ" ಎಂದು ಸಂಪಾದಕರು ಕನ್ನಡಕ ಇಳಿಸಿದರು. "ಹೋಯ್ನಿ, ಆ ಪಪ್ಪಾಯಿ ಮರ ಹುಡ್ಕಿನಿ."

ವರದಿಗಾರನ ಬೈಕಿನಲ್ಲಿ ಬ್ರಹ್ಮಾವರಕ್ಕೆ ಹೋದೆವು. ಮರ ಹುಡುಕುವ ತೊಂದರೆಯೇ ಬರಲಿಲ್ಲ; ಅರಣ್ಯ ಇಲಾಖೆಯವರ ಜೀಪು ಅದರ ಬುಡದಲ್ಲೇ ನಿಂತಿತ್ತು. ಜೀಪಿನ ಹಿಂದೆ ಬೋನು, ಬೋನಿನ ಹಿಂದೆ ಬಹಳ ದೂರದಲ್ಲಿ ಜನ. ಗೋಡೆಯ ಮೇಲೆ ಚಿರತೆ ಇನ್ನೂ ಮಲಗಿತ್ತು. ಅರಣ್ಯದವರೊಬ್ಬರು ಅದರ ಬಾಲವನ್ನು ಕೈಯಲ್ಲಿ ಹಿಡಿದುಕೊಂಡು ಏನು ಹೇಳುವುದೆಂದು ತಿಳಿಯದೆ ನಿಂತಿದ್ದರು.

ಅದು ದುಬೈಯ ಕಂಬಳಿ. ನಮ್ಮ ಬದಿಯಲ್ಲಿ ಗಲ್ಫಿನಿಂದ ಬಂದವರು ಪೆಟ್ಟಿಗೆಯಲ್ಲಿ ತರುವ, ದೊಡ್ಡದಾಗಿ ಹುಲಿ, ಚಿರತೆ, ಸಿಂಹದ ಚಿತ್ರವಿರುವ ಕಂಬಳಿ. ಆ ಮನೆಯ ಹೆಂಗಸು ತೊಳೆದು ಗೋಡೆಗೆ ಹಾಕಿದ್ದರು. ಮನೆಯ ಬಾಗಿಲು ತಟ್ಟಿದೆವು. ಒಳಗಿನಿಂದ, "ಯಾರ್? ಬಾಗಿಲ್ ತೆಗೂದಿಲ್ಲೆ. ಹೊರ್ಗ್ ಚಿರ್ತಿ ಇತ್ತಂಬ್ರ್!"

"ಚಿರತೆ ನಿಮ್ಮದೇ ಅಮ್ಮ. ನಿನ್ನೆ ಒಣಗಿಸಲಿಕ್ಕೆ ಹಾಕಿದ ಕಂಬಳಿ."

ಬಾಗಿಲು ಸ್ವಲ್ಪ ತೆರೆಯಿತು. "ಅಯ್ಯೊ, ಅದನ್ನ್ ಒಳ್ಗ್ ತಕಂಡ್ ಬಪ್ಪ ಅಂತ್ ಹೊರ್ಟಿದ್ದೆ ಮಾರಾಯ್ರೆ. ಅಷ್ಟೊತ್ತಿಗ್ ಮೊಬೈಲಗೆ ಚಿರ್ತಿ ಬಂತ್. ಹೆದ್ರಿ ಅಲ್ಲೇ ಬಿಟ್ಟೆ."

ಜನ ಹತ್ತಿರ ಬಂದರು. ನನ್ನ ಗೆಳತಿಗೆ ಫೋನ್ ಮಾಡಿ ಹೇಳಿದೆ. ಅವಳು ಅಳುತ್ತಾ ನಕ್ಕಳು. ಅರಣ್ಯದವರು ಬಾಲ ಬಿಟ್ಟು ಜೀಪು ಹತ್ತುವಾಗ ಆ ಹೆಂಗಸು ಹಿಂದಿನಿಂದ ಕೂಗಿದರು:

"ಹ್ವಾಯ್, ಹೆಂಗೂ ಬಂದಿದ್ರಿ, ಅದನ್ನ್ ಒಂದ್ ಆ ಬದಿಗ್ ಮಗ್ಚಿ ಹಾಕಿ ಹೋಯ್ನಿ. ಹೊಟ್ಟಿ ಇನ್ನೂ ಒಣ್ಗಲಿಲ್ಲೆ."

ಮಸ್ಕತ್ತಿನ ಬಿಸಿಲು

ಇದು ಸಣ್ಣದು. ಹೆಮ್ಮಾಡಿಯ ಕಡೆಯವರೊಬ್ಬರು ಮಸ್ಕತ್ತಿನ ಹೋಟೆಲಿನಲ್ಲಿ ಅಡುಗೆ ಮಾಡುತ್ತಾರೆ. ನಮ್ಮ ಖಾಯಂ ಓದುಗರು, ಅದಕ್ಕಿಂತ ಖಾಯಂ ತಕರಾರಿನವರು. ಜೂನ್ ತಿಂಗಳಲ್ಲಿ ನಾವು 'ಕುಂದಾಪುರ ಪರಿಸರದಲ್ಲಿ ಭಾರಿ ಮಳೆ' ಎಂದು ಹಾಕಿದ ಕೂಡಲೇ ಫೋನ್ ಬಂತು.

"ಸುಳ್ಳ್ ಯಾಕ್ ಬರೀತ್ರಿ? ನನ್ನ್ ಮೊಬೈಲಗೆ ಕುಂದಾಪ್ರ ಬಿಸ್ಲ್ ಅಂತ್ ತೋರ್ಸ್ತಾ ಇತ್ತ್. ಹಳದಿ ಸೂರ್ಯ. ಬೇಕಾರೆ ಕಳಿಸ್ತೆ."

"ನಾನು ಕಿಟಕಿಯಿಂದ ನೋಡುತ್ತಿದ್ದೇನೆ, ಮಳೆ ಸುರಿಯುತ್ತಿದೆ."

"ನಿಮ್ಮ್ ಕಿಟಕಿ ಒಂದೇ ಬದಿ ತೋರ್ಸುದ್. ಇದ್ ಉಪಗ್ರಹ!"

ನಾನು ಸೋತು, ನಿಮ್ಮ ಮನೆಯವರನ್ನೇ ಕೇಳಿ ಎಂದೆ. ಅವರು ನನ್ನನ್ನೂ ಸೇರಿಸಿಕೊಂಡು ಹೆಮ್ಮಾಡಿಯಲ್ಲಿದ್ದ ತಾಯಿಗೆ ವಿಡಿಯೊ ಕಾಲ್ ಮಾಡಿದರು. ತಾಯಿ ಜಗಲಿಯ ತುದಿಯಲ್ಲಿ ಕೊಡೆ ಹಿಡಿದು ನಿಂತಿದ್ದರು. ಹಿಂದೆ ಮಳೆ ಗೋಡೆಯ ಹಾಗೆ ಕಾಣುತ್ತಿತ್ತು. ಮಗ ಆಗಲೂ ಬಿಡಲಿಲ್ಲ. "ಅಬ್ಬೆ, ಅದ್ ಎಲ್ಲೋ ಒಂದ್ ಮೋಡ ಆಯಿಕ್. ಮೊಬೈಲಗೆ ಬಿಸ್ಲೇ ಇತ್ತ್."

ತಾಯಿ ಹೇಳಿದರು: "ಹಂಗಾರೆ ಮಗಾ, ನನ್ನ್ ಎರ್ಡ್ ಸೀರಿ ಅಲ್ಲಿಗ್ ಕಳಿಸ್ತೆ. ಆ ಮೊಬೈಲಗೇ ಒಣ್ಸಿ ಕೊಡ್."

ಸಮುದ್ರ ಬಂತು

ಮರವಂತೆಯನ್ನು ನೋಡದವರಿಗೆ ಹೇಳಬೇಕು. ಅಲ್ಲಿ ಹೆದ್ದಾರಿಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ನದಿ. ನಡುವೆ ರಸ್ತೆ ಒಂದು ಪಟ್ಟಿಯ ಹಾಗೆ. ಮಳೆಗಾಲದಲ್ಲಿ ಕಡಲ್ಕೊರೆತ ಇದ್ದದ್ದೇ. ದಡದ ತೆಂಗಿನ ಮರಗಳು ಬಿದ್ದದ್ದನ್ನು ನಾವೇ ಎಷ್ಟೋ ಸಲ ಬರೆದಿದ್ದೇವೆ. ಹಾಗಾಗಿ 'ಮರವಂತೆಯಲ್ಲಿ ಸಮುದ್ರ ರಸ್ತೆ ನುಂಗಿತು' ಎಂಬ ವಿಡಿಯೊ ಬಂದಾಗ ನಾನೂ ಮೊದಲು ನಂಬಿಬಿಟ್ಟೆ.

ವಿಡಿಯೊದಲ್ಲಿ ಅಲೆ ತೆಂಗಿನ ಮರದೆತ್ತರಕ್ಕೆ ಎದ್ದು ಬೀಳುತ್ತದೆ, ಕಾರುಗಳು ಕಾಗದದ ದೋಣಿಯ ಹಾಗೆ ತೇಲುತ್ತವೆ. ಮತ್ತೊಮ್ಮೆ ನಿಧಾನಕ್ಕೆ ನೋಡಿದೆ. ಕಾರುಗಳೆಲ್ಲ ರಸ್ತೆಯ ಬಲಬದಿಯಲ್ಲಿ ಬರುತ್ತಿದ್ದವು. ಅಂಗಡಿಯ ಬೋರ್ಡಿನ ಮೇಲೆ ಇದ್ದದ್ದು ನಮ್ಮ ದೇಶದ ಯಾವ ಲಿಪಿಯೂ ಅಲ್ಲ.

"ಇದು ನಮ್ಮ ಊರಲ್ಲ. ವಾಹನಗಳು ಬಲಬದಿಯಲ್ಲಿ ಹೋಗ್ತಾ ಉಂಟು ನೋಡು" ಎಂದು ವರದಿಗಾರನಿಗೆ ತೋರಿಸಿದೆ.

"ಅಕ್ಕ, ಅದೊಂದ್ ಸಾಕ್ಷಿ ಆತ್ತಿಲ್ಲೆ" ಎಂದ. "ಬಲಬದಿಯಗೆ ಹೋಪರ್ ನಮ್ಮಲ್ಲೂ ಬೇಕಾದಷ್ಟ್ ಇದ್ರ್."

ಮರವಂತೆಯಲ್ಲಿ ರಸ್ತೆ ಬದಿಗೆ ಎಳನೀರು ಮಾರುವ ಹೆಂಗಸಿನ ನಂಬರ್ ನನ್ನ ಹತ್ತಿರ ಇತ್ತು. ಫೋನ್ ಮಾಡಿದೆ.

"ಅಲ್ಲಿ ರಸ್ತೆ ಇದೆಯಾ?"

"ಎಂತ ಕೇಂತ್ರಿ ಅಮ್ಮ? ರಸ್ತಿ ಇಲ್ದಿರೆ ನಾ ಎಲ್ಲಿ ಕೂಕಣುದ್?"

ಸಾಕು, ನಾವು ಹಾಕಲಿಲ್ಲ. ಸಮಾಧಾನದಿಂದ ಚಹಾಕ್ಕೆ ಹೇಳಿದೆ. ಚಹಾ ಬರುವ ಮೊದಲು ಫೋನ್ ಬಂತು. ಬೈಂದೂರಿನ ಒಬ್ಬರು ಹಿರಿಯರು. ಅವರ ಮಗನ ಮದುವೆ ಅವತ್ತೇ, ಕುಂಭಾಶಿಯ ಹತ್ತಿರದ ಒಂದು ಕಲ್ಯಾಣ ಮಂಟಪದಲ್ಲಿ. ಹಿಂದೆ ಬಸ್ಸಿನ ಸದ್ದು, ವಾಲಗದವರ ಮಾತು.

"ಮರವಂತ್ಯಗೆ ರಸ್ತಿ ಹೋಯ್ತಂಬ್ರಲೆ! ನೀವ್ ಎಂತಕ್ ಹಾಕ್ಲಿಲ್ಲ?"

"ಹೋಗಿಲ್ಲ, ಅದಕ್ಕೇ ಹಾಕಲಿಲ್ಲ. ನೀವು ಧೈರ್ಯವಾಗಿ ಬನ್ನಿ."

"ನೀವ್ ಹಾಕ್ಲಿಲ್ಲ ಅಂಬಾಗ್ಳೇ ನಂಗ್ ಗೊತ್ತಾಯ್ತ್. ಎಂತದೋ ದೊಡ್ಡದೇ ಆಯ್ತ್, ನೀವ್ ಮುಚ್ಚಿಡ್ತ್ರಿ." ಫೋನ್ ಇಟ್ಟರು.

ಗಂಡಿನ ದಿಬ್ಬಣ ಹೆದ್ದಾರಿ ಬಿಟ್ಟು ಕೊಲ್ಲೂರಿನ ಮೇಲೆ ಸುತ್ತು ಹೊಡೆಯಿತು. ಕಾಡಿನ ದಾರಿ, ಎದುರಿನಲ್ಲಿ ಮರದ ದಿಮ್ಮಿ ಹೇರಿಕೊಂಡ ಲಾರಿ. ಅದು ಪಕ್ಕಕ್ಕೆ ಸರಿಯುವುದಿಲ್ಲ, ಬಸ್ಸು ಮುಂದೆ ಹೋಗುವುದಿಲ್ಲ. ಇತ್ತ ಮಂಟಪದಲ್ಲಿ ಪುರೋಹಿತರು ಬಾಗಿಲಿಗೂ ಗಡಿಯಾರಕ್ಕೂ ಕಣ್ಣು ಓಡಿಸುತ್ತಿದ್ದರು. ಹುಡುಗಿಯ ತಂದೆಯ ಮುಖದಲ್ಲಿ ರಕ್ತವಿಲ್ಲ. ಗಂಡಿನವರಿಗೆ ಮನಸ್ಸು ಬದಲಾಯಿತೋ ಎಂದು ಅಡುಗೆಯವರೆಗೂ ಗುಸುಗುಸು ಹೋಗಿತ್ತಂತೆ. ಆ ಮದುವೆಗೆ ನಮ್ಮ ಸಂಪಾದಕರೂ ಹೋಗಿದ್ದರು, ಇದೆಲ್ಲ ಅವರೇ ಹೇಳಿದ್ದು. ಇನ್ನೇನು ಮುಹೂರ್ತ ಮೀರಿತು ಎನ್ನುವಾಗ ಬಸ್ಸು ಬಂತು. ಮದುಮಗ ಪೇಟ ಕೈಯಲ್ಲಿ ಹಿಡಿದು ಓಡಿದ. ವಾಲಗದವರು ಓಡುತ್ತಲೇ ಊದಿದರು. ಧಾರೆ ಸರಿಯಾದ ಹೊತ್ತಿಗೇ ಆಯಿತು. ಹುಡುಗಿಯ ತಂದೆ ಕಂಬಕ್ಕೆ ಒರಗಿ ಕಣ್ಣು ಒರೆಸಿಕೊಂಡರು.

ಹುಡುಗಿಯ ಮನೆಯೂ ಬೈಂದೂರಿನ ಬದಿಯೇ. ಮರವಂತೆ ದಾಟಿಯೇ ಅವರೆಲ್ಲ ಬೆಳಿಗ್ಗೆ ಮಂಟಪಕ್ಕೆ ಬಂದವರು. ಊಟದ ಹೊತ್ತಿಗೆ ಗಂಡಿನ ತಂದೆ ಕೈ ಮುಗಿದು, "ತಡ ಆಯ್ತ್, ಎಂತ ಮಾಡುದ್, ಮರವಂತ್ಯಗೆ ಸಮುದ್ರ ರಸ್ತಿಗ್ ಬಂದಿತ್ ಅಂಬ್ರ್" ಎಂದಾಗ, ಹುಡುಗಿಯ ಅಜ್ಜಿ ಎಲೆಯಿಂದ ತಲೆ ಎತ್ತಿದರು.

"ಸಮುದ್ರ ಅದ್ರ್ ಜಾಗ್ದಗೇ ಇತ್ತ್ ಬೀಗ್ರೆ. ಜಾಗ ಬಿಟ್ಟದ್ ನೀವ್."

ಆಕ್ರೋಶ

ನಮ್ಮ ವರದಿಗಾರನಿಗೆ ಬಹಳ ಇಷ್ಟವಾದ ಶಬ್ದ 'ಆಕ್ರೋಶ'. ಅವನ ವರದಿಯಲ್ಲಿ ಸ್ಥಳೀಯರು ಸುಮ್ಮನೆ ಮಾತಾಡುವುದೇ ಇಲ್ಲ, ಯಾವಾಗಲೂ ಆಕ್ರೋಶ ವ್ಯಕ್ತಪಡಿಸುತ್ತಾರೆ. ಒಂದು ಸಲ ಅವನು ನಮ್ಮ ಬದಿಯ ದೋಣಿಗಳು ಬಂದು ನಿಲ್ಲುವ ಒಂದು ಮೀನಿನ ದಕ್ಕೆಯಿಂದ ವಿಡಿಯೊ ತಂದ. ಅಲ್ಲಿನ ದೀಪದ ಕಂಬ ಬಹಳ ದಿನಗಳಿಂದ ಉರಿಯುತ್ತಿರಲಿಲ್ಲ, ಅದು ನಿಜ. ಕತ್ತಲಿರುವಾಗಲೇ ಬುಟ್ಟಿ ಹೊತ್ತು ಬರುವ ಹೆಂಗಸರು ಹಗ್ಗ ಎಡವಿ ಬೀಳುತ್ತಿದ್ದದ್ದೂ ನಿಜ.

ವಿಡಿಯೊದಲ್ಲಿ ಒಬ್ಬ ಮೀನು ಮಾರುವ ಹೆಂಗಸು ಸೊಂಟಕ್ಕೆ ಸೆರಗು ಸಿಕ್ಕಿಸಿ, ದೀಪದ ಕಂಬದ ಕಡೆ ಕೈ ಎತ್ತಿ ಎತ್ತಿ ತೋರಿಸಿ ಬಯ್ಯುತ್ತಿದ್ದಳು. ಎಂಥ ಆವೇಶ! ಗಾಳಿಯ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ ಎಂದು ನಮ್ಮವನು ಧ್ವನಿ ತೆಗೆದು ಹಿಂದೆ ಶೋಕದ ಸಂಗೀತ ಹಾಕಿದ್ದ. ಕೆಳಗೆ, 'ಉರಿಯದ ದೀಪ: ಮೀನುಗಾರ ಮಹಿಳೆಯ ಆಕ್ರೋಶ.'

ಅವತ್ತು ನಾನು ರಜೆ, ಸಂಪಾದಕರು ಮುಂಬೈಯಲ್ಲಿ. ಅವನೇ ಹಾಕಿಬಿಟ್ಟ. ಮುಂಬೈಯವರು, ದುಬೈಯವರು ಎಲ್ಲ ನೋಡಿ, ಹಂಚಿ, 'ಈ ತಾಯಿಯ ಧೈರ್ಯಕ್ಕೆ ಶರಣು' ಎಂದು ಬರೆದರು. ಒಬ್ಬರು ಅವಳ ಮೇಲೆ ಕವನವನ್ನೇ ಕಟ್ಟಿದರು.

ಮರುವಾರ ಆ ಹೆಂಗಸು ಬುಟ್ಟಿ ಸಮೇತ ಕಚೇರಿಯ ಮೆಟ್ಟಿಲು ಹತ್ತಿ ಬಂದಳು. ವರದಿಗಾರ ಕುರ್ಚಿ ಹಿಂದೆ ಸರಿಸಿದ.

"ನನ್ನ್ ವಿಡಿಯೊ ಮಾಡದ್ ಯಾರ್?"

ನಾನು ಸಮಾಧಾನ ಮಾಡಿ ಕೂರಿಸಿದೆ. "ನೀವು ದೀಪದ ಬಗ್ಗೆ ಬಯ್ದದ್ದಲ್ವಾ?"

"ಎಂತ ದೀಪ? ನಾನ್ ಬಯ್ದದ್ ನಮ್ಮನಿಯವ್ರಿಗೆ! ಮೀನಿನ್ ಬುಟ್ಟಿ ಕಾಂತಾ ಇರಿ ಅಂತ್ ಹೇಳಿ ನಾ ಐಸ್ ತಕಂಡ್ ಬಪ್ಪುಕೆ ಹೋದೆ. ಇವ್ರ್ ದೋಣಿ ಮೇಲ್ ಕೂಕಂಡ್ ಮೊಬೈಲ್ ಕಾಂತಾ ಇದ್ದಿದ್ರ್. ಕಾಕಿ ಬಂದ್ ಒಳ್ಳೇ ಬಂಗುಡಿ ಎತ್ಕಂಡ್ ಹೋಯಿ ಕಂಬದ್ ಮೇಲ್ ಕೂಕಂಡ್ ತಿಂತಾ ಇತ್ತ್. ಆ ಕಾಕಿ ತೋರ್ಸಿ ಬಯ್ದೆ."

ನಾನು ವಿಡಿಯೊ ತೆಗೆದು ನೋಡಿದೆ. ಕಂಬದ ತುದಿಯಲ್ಲಿ ಕಾಗೆ ಕೂತದ್ದು ಹೌದು. ಬಾಯಿಯಲ್ಲಿ ಬಂಗುಡೆಯೂ ಹೌದು. ಇಡೀ ಲೋಕ ನೋಡಿದ ವಿಡಿಯೊದಲ್ಲಿ ಅದೊಂದನ್ನು ಯಾರೂ ನೋಡಿರಲಿಲ್ಲ.

ಹೊತ್ತಿಗೆ ಸರಿಯಾಗಿ ಮುಂಬೈಯಿಂದ ಬಂದಿದ್ದ ಸಂಪಾದಕರ ಮುಖ ಕೆಂಪಾಯಿತು. "ತಪ್ಪಾಯ್ತ್ ಅಮ್ಮ. ನಾಳೆಯೇ ತಿದ್ದುಪಡಿ ಹಾಕ್ತೇವೆ. ನೀವು ಬೈದದ್ದು ದೀಪದ ಬಗ್ಗೆ ಅಲ್ಲ, ಮನೆಯವರಿಗೆ ಎಂದು ಸ್ಪಷ್ಟವಾಗಿ ಬರೆಯುತ್ತೇವೆ."

"ಬ್ಯಾಡ, ಬ್ಯಾಡ!" ಹೆಂಗಸು ಗಾಬರಿಯಿಂದ ಎದ್ದು ನಿಂತಳು. "ನಿಮ್ಮ್ ವಿಡಿಯೊ ಕಂಡ್ ಮೊನ್ನೆ ಬಂದ್ ದೀಪ ಹಾಕಿ ಹೋಯಿದ್ರ್. ಈಗ ಯಾರೂ ಎಡವಿ ಬೀಳ್ತಿಲ್ಲೆ. ತಿದ್ದುಪಡಿ ಹಾಕ್ರೆ ಬಿಚ್ಕಂಡ್ ಹೋಪುದಲ್ದಾ?"

"ಮತ್ತೆ ಬಂದದ್ದು ಏತಕ್ಕೆ?" ಎಂದೆ.

ಅವಳು ಬುಟ್ಟಿ ಬದಿಗಿಟ್ಟು ದನಿ ತಗ್ಗಿಸಿದಳು. "ನಾನ್ ಸಂಸಾರ ಮಾಡುಕ್ ಹಿಡ್ದಲ್ಲಿಂದ ಇವ್ರಿಗ್ ಬಯ್ತಾ ಇದ್ದೆ. ಒಂದ್ ದಿನವೂ ಎಂತದೂ ಆಪುದಿಲ್ಲೆ. ನೀವ್ ತೆಗ್ದ್ ಹಾಕಿದ್ರಿ, ದೀಪ ಬಂತ್. ಅದ್ಕೇ ಬಂದದ್. ನಾಳೆ ನಮ್ಮನಿ ಹತ್ರ ಬನ್ನಿ. ಇವ್ರನ್ನ್ ಆ ಹೊಂಡ ಬಿದ್ದ ದಾರ್ಯಗೆ ನಿಲ್ಸಿ ಸಮಾ ಬಯ್ತೆ."

ಬಿಟ್ಟು ಹೋದರು

ಇದು ನನ್ನ ಸೋದರಮಾವನ ಸಂಗತಿ. ಮಾವ ಮುಂಬೈಯಲ್ಲಿ ಕ್ಯಾಂಟೀನು ನಡೆಸಿ, ವಯಸ್ಸಾದ ಮೇಲೆ ಸಾಸ್ತಾನದ ಹತ್ತಿರ ಮನೆ ಮಾಡಿಕೊಂಡು ಇದ್ದವರು. ಅತ್ತೆ, ಮಗ, ಸೊಸೆ, ಮೊಮ್ಮಗಳು ಎಲ್ಲ ಜೊತೆಗೇ. ಮಾವನ ಮಾತು ಏರುಸ್ವರದಲ್ಲಿ ಶುರುವಾಗಿ ಇನ್ನೂ ಏರುಸ್ವರದಲ್ಲಿ ಮುಗಿಯುತ್ತದೆ. ಆದರೆ ಅಪ್ಪ ಇಲ್ಲದ ನನಗೆ ಮದುವೆಯಲ್ಲಿ ಧಾರೆ ಎರೆದು ಕೊಟ್ಟದ್ದು ಅವರೇ. ಆಮೇಲೆ ಅಡುಗೆಮನೆಯ ಹಿಂದೆ ನಿಂತು ಯಾರಿಗೂ ಕಾಣದ ಹಾಗೆ ಅತ್ತದ್ದೂ ಅವರೇ.

ಒಂದು ದಿನ ಮಧ್ಯಾಹ್ನ ಊಟ ಮುಗಿಸಿ ಕಚೇರಿಗೆ ಬಂದೆ. ವರದಿಗಾರ ಮೊಬೈಲ್ ಹಿಡಿದು ನನ್ನನ್ನೇ ನೋಡುತ್ತಿದ್ದ. ಏನು ಎಂದು ಕೇಳಿದೆ. ಮೊಬೈಲ್ ಕೊಟ್ಟ. ಮುಂಬೈಯಲ್ಲಿರುವ ನಮ್ಮೂರವರ ಗ್ರೂಪು. ಮಾವನ ಹೆಸರು, ಫೋಟೊ, ಅದರ ಕೆಳಗೆ: "ನಮ್ಮೆಲ್ಲರ ಹಿರಿಯ ಚೇತನ ಇಂದು ಬೆಳಿಗ್ಗೆ ನಮ್ಮನ್ನು ಬಿಟ್ಟು ಹೋದರು. ತುಂಬಲಾರದ ನಷ್ಟ." ಅದರ ಕೆಳಗೆ ಓಂ ಶಾಂತಿ, ಓಂ ಶಾಂತಿ, ಕೈಮುಗಿದ ಚಿತ್ರಗಳು, ಎಷ್ಟು ಸರಿಸಿದರೂ ಮುಗಿಯದಷ್ಟು.

ಬರೆದದ್ದು ಆ ಗ್ರೂಪು ನಡೆಸುವವರು, ಮಾವನ ಹಳೆಯ ಸ್ನೇಹಿತರು. ಸುಳ್ಳು ಹೇಳುವ ಜನವೇ ಅಲ್ಲ. ನಾನು ಮಾವನಿಗೆ ಫೋನ್ ಮಾಡಿದೆ: ಬ್ಯುಸಿ. ಅತ್ತೆಗೆ: ಬ್ಯುಸಿ. ಮಗನಿಗೆ: ಬ್ಯುಸಿ. ಸಂಪಾದಕರು ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು. ಅವತ್ತೊಂದು ದಿನ ಅವರೂ ಏನನ್ನೂ ಕೇಳಲಿಲ್ಲ.

ವರದಿಗಾರ ಬೈಕು ತೆಗೆದ. ಕೋಟೇಶ್ವರ ದಾಟಿದ್ದು ಗೊತ್ತಾಗಲಿಲ್ಲ. ಕುಂಭಾಶಿಯಲ್ಲಿ ಗುಡ್ಡದ ದೇವಸ್ಥಾನದ ಕಡೆ ತಿರುಗಿ ಕೈ ಮುಗಿದೆ. ಆದರೆ ಏನೆಂದು ಬೇಡುವುದು? ಆಗಿ ಹೋಗಿದ್ದರೆ ಬೇಡುವುದಕ್ಕೆ ಏನು ಉಳಿದಿದೆ? ಸುಮ್ಮನೆ, ಸುಳ್ಳಾಗಲಿ ದೇವರೇ, ಈ ಒಂದು ಸುದ್ದಿ ಸುಳ್ಳಾಗಲಿ ಎಂದುಕೊಂಡೆ.

ಮಾವನ ಮನೆಯ ಅಂಗಳದಲ್ಲಿ ಚಪ್ಪಲಿಗಳ ರಾಶಿ ನೋಡಿ ನಾನು ಗೇಟಿನ ಹತ್ತಿರವೇ ನಿಂತೆ. ಒಬ್ಬರ ಕೈಯಲ್ಲಿ ಸೇವಂತಿಗೆಯ ದೊಡ್ಡ ಹಾರ. ದೂರದ ಸಂಬಂಧದ ಹೆಂಗಸೊಬ್ಬರು ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಕಣ್ಣು ಒರೆಸುತ್ತಿದ್ದರು. ಆಗ ಒಳಗಿನಿಂದ ಒಂದು ಸ್ವರ ಬಂತು, ಏರುಸ್ವರ.

"ಅಲ್ಲ ಮಾರಾಯ್ರೆ, ಬಪ್ಪುಕ್ ಮೊದ್ಲ್ ಒಂದ್ ಮಾತ್ ಕೇಂಬುದಿಲ್ಯಾ? ಕೇಂಡ್ರೆ ನಾನೇ ಹೇಳ್ತಿದ್ದೆ!"

ಓಡಿದೆ. ಮಾವ ಬನಿಯನ್ ಹಾಕಿಕೊಂಡು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಸುತ್ತ ಅವರನ್ನು ಕೊನೆಯ ಸಲ ನೋಡಲಿಕ್ಕೆ ಬಂದವರು ತಲೆ ತಗ್ಗಿಸಿ ಕಾಫಿ ಕುಡಿಯುತ್ತಿದ್ದರು. ನಾನು ಕಾಲ ಹತ್ತಿರ ಕುಸಿದು ಜೋರಾಗಿ ಅತ್ತುಬಿಟ್ಟೆ. ಮಾವನ ಸ್ವರ ಒಂದು ಗಳಿಗೆ ಇಳಿಯಿತು. ತಲೆ ಮೇಲೆ ಕೈ ಇಟ್ಟು ಕೇಳಿದರು:

"ಎಂತ ಹೆಣ್ಣೆ, ನೀನೂ ಹಾರ ತಂದ್ಯಾ?"

ನಾನು ಇಲ್ಲ ಎಂದು ತಲೆ ಆಡಿಸಿದೆ.

"ಅಷ್ಟಾರೂ ಬುದ್ಧಿ ಇತ್ತಲೆ."

ಏನಾಯಿತೆಂದು ಆಮೇಲೆ ತಿಳಿಯಿತು. ಆ ಗ್ರೂಪಿನಲ್ಲಿ ದಿನ ಬೆಳಗಾದರೆ ಹೂವು, ಸೂರ್ಯ, ಶುಭೋದಯ. ಮಾವನ ಮೊಬೈಲ್ ತುಂಬಿ, ಮೊಮ್ಮಗಳು ಶಾಲೆಯಲ್ಲಿ ಕುಣಿದ ವಿಡಿಯೊಕ್ಕೆ ಜಾಗವಿಲ್ಲದಂತಾಗಿತ್ತು. ಸಿಟ್ಟು ಬಂದು ಬೆಳಿಗ್ಗೆ ಗ್ರೂಪು ಬಿಟ್ಟರು. ಅದನ್ನು ನಡೆಸುವ ಸ್ನೇಹಿತರಿಗೆ ನಿಜವಾಗಿಯೂ ಬೇಸರವಾಯಿತು. ಅವರಿಗೆ ಸ್ವಲ್ಪ ಸಾಹಿತ್ಯದ ಹುಚ್ಚು. ಬೇಸರವನ್ನು ಸಾಹಿತ್ಯದಲ್ಲಿ ಬರೆದರು.

"ನಾನ್ ಬಿಟ್ಟದ್ ಗ್ರೂಪನ್ನ್!" ಮಾವ ಕುರ್ಚಿಯ ಕೈ ಗುದ್ದಿದರು. "ಪ್ರಾಣವನ್ನಲ್ಲ!"

ಸ್ನೇಹಿತರು ಮುಂಬೈಯಿಂದ ಫೋನಿನಲ್ಲೇ ನಾಲಿಗೆ ಕಚ್ಚಿಕೊಂಡು ಕ್ಷಮೆ ಕೇಳಿ, ಮಾವನನ್ನು ಮತ್ತೆ ಗ್ರೂಪಿಗೆ ಸೇರಿಸಿದರು. ಮಾವ ಮೊಬೈಲ್ ಬಾಯಿಗೆ ಹಿಡಿದು ಕೂಗಿದರು, "ನಾನ್ ಬದ್ಕಿದ್ದೆ!" ಕೂಡಲೇ ಒಬ್ಬರು ಉತ್ತರ ಬರೆದರು: "ಇದು ಹಳೆಯ ಧ್ವನಿ. ಯಾರು ಹಾಕಿದ್ದು? ಇಂಥ ದುಃಖದ ಹೊತ್ತಿನಲ್ಲಿ ತಮಾಷೆ ಬೇಡ."

ನಾನು ಮಾವನ ಫೋಟೊ ತೆಗೆದು ಹಾಕಿದೆ, ಕೈಯಲ್ಲಿ ಅವತ್ತಿನ ದಿನಪತ್ರಿಕೆ ಹಿಡಿಸಿ. ಇನ್ನೊಬ್ಬರು ಬರೆದರು: "ಈಗ ಫೋಟೊ ಹೇಗೆ ಬೇಕಾದರೂ ಮಾಡಬಹುದು. ನಂಬಬೇಡಿ." ಮಗ ವಿಡಿಯೊ ಹಾಕಿದ. "ಎಐ" ಎಂದು ಒಂದೇ ಶಬ್ದದ ಉತ್ತರ. ಕಂಬಳಿಯ ಚಿರತೆಯನ್ನಾದರೂ ಕಣ್ಣುಮುಚ್ಚಿ ನಂಬುವ ಜನ, ನನ್ನ ಮಾವ ಬದುಕಿದ್ದಾರೆ ಎಂದರೆ ಮಾತ್ರ ಸಾಕ್ಷಿ ಮೇಲೆ ಸಾಕ್ಷಿ ಕೇಳಿದರು.

ಮಾವ ಆ 'ಎಐ' ಬರೆದವರ ಹೆಸರು ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ಮೊಬೈಲ್ ಎತ್ತಿಕೊಂಡರು.

"ಹ್ವಾಯ್! ಬೊರಿವಲಿ ಸ್ಟೇಷನ್ನಿನಗೆ ಮಳಿ ಬಪ್ಪತಿಗೆ ನನ್ನ್ ಕೊಡಿ ತಕಂಡ್ ಹೋದವ ನೀನೇ ಅಲ್ದಾ? ಬಿದಿರಿನ ಹಿಡಿಕೆಯದ್! ನಾಳೆ ತತ್ತೆ ಅಂದವ ಇವತ್ತಿನವರಿಗೂ ತರ್ಲಿಲ್ಲ!"

ಆಮೇಲೆ ಅದೇ ವ್ಯಕ್ತಿಯಿಂದ ಸಂದೇಶ: "ಬದುಕಿದ್ದಾರೆ! ಅವರೇ! ಎಲ್ಲರೂ ನಂಬಿ, ನೂರಕ್ಕೆ ನೂರು ಅವರೇ!"

ಜಗಲಿಯಲ್ಲಿ ಕೂತವರೆಲ್ಲ ನಕ್ಕರು. ಹಾರ ತಂದವರು ಅದನ್ನು ದೇವರ ಕೋಣೆಯ ಬಾಗಿಲಿಗೆ ಹಾಕಿ ಬಂದರು. ಅತ್ತೆ ಇನ್ನೊಂದು ಪಾತ್ರೆ ಕಾಫಿ ಇಟ್ಟರು. ಮಾವ ಆರಾಮವಾಗಿ ಒರಗಿ, ತಮ್ಮ ಬಗ್ಗೆ ಬಂದ ಸಂತಾಪಗಳನ್ನು ಮೊದಲಿನಿಂದ ಒಂದೊಂದಾಗಿ ಗಟ್ಟಿಯಾಗಿ ಓದಲು ಶುರು ಮಾಡಿದರು. "ಮಿತಭಾಷಿ... ಮೃದು ಮಾತಿನವರು... ಮನೆಯಲ್ಲೂ ಹೊರಗೂ ಒಮ್ಮೆಯೂ ಸಿಟ್ಟು ಮಾಡಿದವರಲ್ಲ..." ಓದುತ್ತಾ ಓದುತ್ತಾ ಅವರ ಕಣ್ಣಲ್ಲಿ ನೀರು ಬಂತು.

ಅತ್ತೆ ಕಾಫಿಯ ಲೋಟ ನನ್ನ ಕೈಗೆ ಕೊಟ್ಟು, ಬಾಗಿ, ಕಿವಿಯ ಹತ್ತಿರ ಕೇಳಿದರು:

"ನಿನ್ ಕೆಲ್ಸ ಸುಳ್ಳ್ ಸುದ್ದಿ ಹಿಡುದಲ್ದಾ ಮಗಾ? ಸತ್ತದ್ ಹೆಂಗೂ ಸಣ್ಣ ಸುಳ್ಳ್, ಅದನ್ನ್ ಬಿಡ್. ಈ 'ಮೃದು ಮಾತಿನವರು' ಬರ್ದದ್ ಯಾರ್ ಅಂತ್ ಮೊದ್ಲ್ ಹುಡ್ಕ್."